ಮನೆಯ ಫೋಟೊ ರಾಶಿ ಜೋಡಿಸುವುದು ಹೇಗೆ: ಸಾಫ್ಟ್‌ವೇರ್ ಕೈಕೊಟ್ಟರೂ ಉಳಿಯುವ ದಾರಿ

ಫೋಟೊ ಜೋಡಿಸುವ ಸಾಫ್ಟ್‌ವೇರ್‌ಗಳಿಂದ ಬೇಸತ್ತು ಹೋಗದವರು ಕಡಿಮೆ. ಒಂದು ನಮ್ಮ ಫೋಟೊಗಳನ್ನೆಲ್ಲ ತನ್ನದೇ ಲೈಬ್ರರಿಯೊಳಗೆ ಎಳೆದುಕೊಂಡು ಬಾಗಿಲು ಹಾಕಿಕೊಳ್ಳುತ್ತದೆ. ಇನ್ನೊಂದು ಅಣ್ಣನ ಮುಖಕ್ಕೆ ತಮ್ಮನ ಹೆಸರು ಹಾಕುತ್ತದೆ. ಮತ್ತೊಂದು 1985ರ ಮದುವೆಯನ್ನು ಹೋದ ವಾರದ ಫೋಟೊಗಳ ಜೊತೆ ತೋರಿಸುತ್ತದೆ. ಹತ್ತು ಸಾವಿರ ಫೋಟೊ ಇದ್ದಾಗ ಚುರುಕಾಗಿದ್ದದ್ದು ಐವತ್ತು ಸಾವಿರಕ್ಕೆ ಬಂದಾಗ ತೆವಳುತ್ತದೆ. ಇದನ್ನೆಲ್ಲ ಸಹಿಸಿಕೊಂಡು ವರ್ಷಗಟ್ಟಲೆ ಹೆಸರು ಹಾಕಿ ಆಲ್ಬಮ್ ಮಾಡಿದ ಮೇಲೆ ಒಂದು ದಿನ ಕಂಪನಿಯೇ ಅಂಗಡಿ ಮುಚ್ಚುತ್ತದೆ.

ಪಿಕಾಸಾ ನೆನಪಿದೆಯಲ್ವಾ? ಗೂಗಲ್ ಅದನ್ನು 2004ರಲ್ಲಿ ಕೊಂಡುಕೊಂಡಿತು, ಎಲ್ಲರಿಗೂ ಪುಕ್ಕಟೆ ಕೊಟ್ಟಿತು, 2016ರಲ್ಲಿ ನಿಲ್ಲಿಸಿತು. ಆಪಲ್ ಕಂಪನಿ ಅಪರ್ಚರ್ ಸಾಫ್ಟ್‌ವೇರನ್ನು ಕೈಬಿಡುತ್ತೇವೆ ಅಂತ 2014ರಲ್ಲಿ ಹೇಳಿತು. ಗೂಗಲ್ ಫೋಟೋಸ್ ಇನ್ನೂ ಇದೆ, ಆದರೆ ಮಿತಿಯಿಲ್ಲದ ಉಚಿತ ಜಾಗ 2021ರ ಜೂನ್ 1ಕ್ಕೆ ಮುಗಿಯಿತು. ಈಗ ಮೇಲ್, ಡ್ರೈವ್, ಫೋಟೊ ಎಲ್ಲಕ್ಕೂ ಸೇರಿ 15 ಜಿಬಿ.

ಹಾಗಾಗಿ ಕೆಳಗೆ ಹೇಳಿರುವ ದಾರಿಯಲ್ಲಿ ಸಾಫ್ಟ್‌ವೇರ್ ಬಾಡಿಗೆಗೆ ಬಂದವರಿದ್ದಂತೆ. ಇರುವಷ್ಟು ದಿನ ಇರಲಿ, ಹೋಗುವಾಗ ನಮ್ಮ ಸಾಮಾನು ತೆಗೆದುಕೊಂಡು ಹೋಗಬಾರದು. ಯಾವಾಗ ತೆಗೆದದ್ದು, ಏನು ಸಮಾರಂಭ, ಯಾರಿದ್ದಾರೆ ಎಂಬ ಮೂರೂ ವಿಷಯ ಫೋಲ್ಡರ್ ಹೆಸರಿನಲ್ಲಿ ಮತ್ತು ಫೋಟೊ ಫೈಲಿನ ಒಳಗೇ ಇರಬೇಕು. ಸಾಫ್ಟ್‌ವೇರಿನ ಡೇಟಾಬೇಸಿನಲ್ಲಿ ಮಾತ್ರ ಇದ್ದರೆ ಅದು ಇಲ್ಲದ್ದಕ್ಕೆ ಸಮ.

ಹಂತ 1: ಎಲ್ಲ ಮೂಲಗಳನ್ನೂ ಒಂದೇ ಡಿಸ್ಕಿಗೆ ತನ್ನಿ

ಎರಡು ಹೊರಗಿನ ಹಾರ್ಡ್ ಡಿಸ್ಕ್ ಬೇಕು. ಒಂದರಲ್ಲಿ ಕೆಲಸ, ಇನ್ನೊಂದರಲ್ಲಿ ನಕಲು. ಸಾಮಾನ್ಯ ಮನೆಗೆ 2 ಟಿಬಿ ಸಾಕು, ವಿಡಿಯೊ ಜಾಸ್ತಿ ಇದ್ದರೆ 4 ಟಿಬಿ. ವಿಂಡೋಸ್ ಮಾತ್ರ ಬಳಸುವವರು ಎನ್‌ಟಿಎಫ್‌ಎಸ್ ಫಾರ್ಮ್ಯಾಟ್ (ಡಿಸ್ಕಿನಲ್ಲಿ ಫೈಲ್ ಜೋಡಿಸುವ ಪದ್ಧತಿ) ಇಟ್ಟುಕೊಳ್ಳಿ. ಮನೆಯಲ್ಲಿ ಮ್ಯಾಕ್ ಕೂಡ ಇದ್ದರೆ ಎಕ್ಸ್‌ಫ್ಯಾಟ್. ಹಳೇ ಫ್ಯಾಟ್32 ಬೇಡ, ಅದರಲ್ಲಿ 4 ಜಿಬಿ ದಾಟಿದ ಫೈಲ್ ಕೂರುವುದಿಲ್ಲ. ಮದುವೆ ವಿಡಿಯೊ ಹಾಕುವಾಗ ಅದು ಗೊತ್ತಾಗುತ್ತದೆ.

ಈಗ ಮೂಲಗಳು. ಹಳೇ ಲ್ಯಾಪ್‌ಟಾಪ್, ಮೆಮೊರಿ ಕಾರ್ಡ್, ಪೆನ್ ಡ್ರೈವ್, ಸ್ಟುಡಿಯೊದವರು ಕೊಟ್ಟ ಸಿಡಿ, ಡ್ರಾಯರಿನಲ್ಲಿ ಸತ್ತು ಬಿದ್ದಿರುವ ಫೋನ್. ಪ್ರತಿ ಮೂಲಕ್ಕೂ ಒಂದೊಂದು ಫೋಲ್ಡರ್ ಮಾಡಿ: ‘ಅಪ್ಪನ ಲ್ಯಾಪ್‌ಟಾಪ್’, ‘ಅಕ್ಕನ ಹಳೇ ಫೋನ್’, ‘ಮದುವೆ ಸಿಡಿ’. ಒಳಗಿನ ಫೋಲ್ಡರ್‌ಗಳನ್ನು ಈಗಲೇ ಕಲೆಸಬೇಡಿ. ಎಲ್ಲಿಂದ ಬಂತು ಅನ್ನುವುದೇ ಆಮೇಲೆ ಯಾವಾಗಿನದು ಅನ್ನುವುದಕ್ಕೆ ಸುಳಿವು ಕೊಡುತ್ತದೆ.

ಸಿಡಿ, ಡಿವಿಡಿಗಳಿಂದ ಶುರು ಮಾಡಿ, ಏಕೆಂದರೆ ಮೊದಲು ಹಾಳಾಗುವುದು ಅವೇ. ಈಗಿನ ಲ್ಯಾಪ್‌ಟಾಪಿನಲ್ಲಿ ಡ್ರೈವ್ ಇರುವುದಿಲ್ಲ, ಯುಎಸ್‌ಬಿಗೆ ಹಾಕುವ ಡಿವಿಡಿ ಡ್ರೈವ್ ಯಾರ ಹತ್ತಿರವಾದರೂ ಕೇಳಿ ತನ್ನಿ. ಒಂದು ಡ್ರೈವಿನಲ್ಲಿ ಓದದ ಸಿಡಿ ಇನ್ನೊಂದರಲ್ಲಿ ಓದುವುದುಂಟು. ಸುಮ್ನೆ ಎಸೆದುಬಿಡಬೇಡಿ.

ಫೋನಿನಿಂದ ತರುವಾಗ ಎರಡು ಎಚ್ಚರಿಕೆ. ಐಫೋನ್ ಇದ್ದರೆ ಸೆಟ್ಟಿಂಗ್ಸ್‌ನಲ್ಲಿ ಫೋಟೋಸ್ ತೆರೆದು, ಮ್ಯಾಕ್ ಅಥವಾ ಪಿಸಿಗೆ ಕಳಿಸುವ ಜಾಗದಲ್ಲಿ ‘ಕೀಪ್ ಒರಿಜಿನಲ್ಸ್’ ಆರಿಸಿ. ‘ಆಟೊಮ್ಯಾಟಿಕ್’ ಇದ್ದರೆ ನಕಲು ಮಾಡುವಾಗಲೇ ಫೋಟೊವನ್ನು ಬೇರೆ ರೂಪಕ್ಕೆ ಬದಲಿಸಲು ಹೋಗಿ ಅರ್ಧದಲ್ಲಿ ನಿಂತುಬಿಡುವುದುಂಟು. ಆಂಡ್ರಾಯ್ಡ್ ಫೋನಿನಲ್ಲಿ ವಾಟ್ಸ್ಆ್ಯಪ್ ಚಿತ್ರಗಳು ಕ್ಯಾಮೆರಾ ಫೋಲ್ಡರಿನಲ್ಲಿ ಇರುವುದಿಲ್ಲ. ಆಂಡ್ರಾಯ್ಡ್ ಫೋಲ್ಡರ್ ಒಳಗೆ ಮೀಡಿಯಾ, ಅದರೊಳಗೆ ವಾಟ್ಸ್ಆ್ಯಪ್ ಅಂತ ಹುಡುಕಿಕೊಂಡು ಹೋಗಬೇಕು. ಶುಭೋದಯದ ಹೂವುಗಳೂ ಸಾವಿರಗಟ್ಟಲೆ ಬರುತ್ತವೆ. ಬರಲಿ, ಈಗ ಆರಿಸಲು ಕೂತರೆ ಮುಂದೆ ಹೋಗಲಾಗದು.

ಹಂತ 2: ಮುಟ್ಟುವ ಮೊದಲು ನಕಲು

ತಂದದ್ದಷ್ಟನ್ನೂ ಎರಡನೇ ಡಿಸ್ಕಿಗೆ ನಕಲು ಮಾಡಿ ಬೀರುವಿನಲ್ಲಿಡಿ. ಎಲ್ಲ ಹಂತ ಮುಗಿಯುವವರೆಗೆ ಅದನ್ನು ಮುಟ್ಟಬೇಡಿ. ಡಿಸ್ಕನ್ನು ಲ್ಯಾಪ್‌ಟಾಪಿನ ಯುಎಸ್‌ಬಿ 3 ಪೋರ್ಟಿಗೇ ಚುಚ್ಚಿ, ಬಹಳಷ್ಟು ಲ್ಯಾಪ್‌ಟಾಪುಗಳಲ್ಲಿ ಅದರ ಒಳಭಾಗ ನೀಲಿ ಇರುತ್ತದೆ. ಹಳೇ ಪೋರ್ಟಿಗೆ ಹಾಕಿ ‘ಸಾಫ್ಟ್‌ವೇರ್ ನಿಧಾನ’ ಅಂತ ಬೈಯುವವರು ಬಹಳ ಮಂದಿ.

ಹಂತ 3: ಒಂದೇ ಫೋಟೊ ಹತ್ತು ಸಲ

2022ರ ಸೆಪ್ಟೆಂಬರಿನಲ್ಲಿ ಹಿರಿಯೂರಿನ ವಾಣಿವಿಲಾಸ ಸಾಗರ ಕೋಡಿ ಬಿತ್ತು. 1933ರ ನಂತರ ಅದೇ ಮೊದಲು. ಜಿಲ್ಲೆಗೆ ಜಿಲ್ಲೆಯೇ ನೋಡಲು ಹೋಯಿತು. ಹೋದವರು ತೆಗೆದ ಫೋಟೊ ಮನೆಯ ಗ್ರೂಪಿಗೆ, ಓಣಿಯ ಗ್ರೂಪಿಗೆ, ಆಫೀಸಿನ ಗ್ರೂಪಿಗೆ ಹೋಯಿತು. ಮನೆಯ ನಾಲ್ಕು ಫೋನಿನಲ್ಲೂ ಅದೇ ಚಿತ್ರ, ಒಂದೊಂದರಲ್ಲಿ ಮೂರು ಮೂರು ಸಲ. ರಾಶಿ ದೊಡ್ಡದಾಗಿ ಕಾಣುವುದು ಮುಖ್ಯವಾಗಿ ಇದರಿಂದಲೇ.

ಇದಕ್ಕೆ ಚ್ಕಾವ್ಕಾ (Czkawka) ಅಥವಾ ಡ್ಯೂಪ್‌ಗುರು ಎಂಬ ಉಚಿತ ಸಾಫ್ಟ್‌ವೇರ್ ಬಳಸಬಹುದು. ಇವುಗಳಲ್ಲಿ ಎರಡು ಬಗೆಯ ಹುಡುಕಾಟ ಇದೆ. ಎರಡನ್ನೂ ಒಟ್ಟಿಗೆ ಮಾಡಬೇಡಿ.

ಮೊದಲನೆಯದು, ಫೈಲಿನ ಒಳಗಿನ ಪ್ರತಿ ಬೈಟ್ ಕೂಡ ಒಂದೇ ಇರುವ ನಕಲುಗಳು. ಇಲ್ಲಿ ಸಾಫ್ಟ್‌ವೇರನ್ನು ನಂಬಬಹುದು. ಒಂದನ್ನು ಉಳಿಸಿ ಮಿಕ್ಕದ್ದನ್ನು ರೀಸೈಕಲ್ ಬಿನ್‌ಗೆ ಹಾಕಿ. ಯಾವುದನ್ನು ಉಳಿಸಬೇಕು ಅನ್ನುವಲ್ಲಿ ಮಾತ್ರ ಯೋಚಿಸಿ. ‘ನ್ಯೂ ಫೋಲ್ಡರ್ 2’ ಒಳಗಿನದಕ್ಕಿಂತ ‘ಪಾಪು ನಾಮಕರಣ’ ಒಳಗಿನದು ಬೆಲೆಯುಳ್ಳದ್ದು. ಫೈಲ್ ಅದೇ ಇರಬಹುದು, ಫೋಲ್ಡರ್ ಹೆಸರಿನಲ್ಲಿ ಮಾಹಿತಿ ಇದೆ.

ಎರಡನೆಯದು, ನೋಡಲು ಒಂದೇ ತರಹ ಇರುವ ಫೋಟೊಗಳು. ಇಲ್ಲಿ ಸಾಫ್ಟ್‌ವೇರ್ ಬರೀ ಊಹೆ ಮಾಡುತ್ತದೆ. ಕ್ಯಾಮೆರಾದ ಮೂಲ ಮತ್ತು ಅದರ ವಾಟ್ಸ್ಆ್ಯಪ್ ಕುಗ್ಗಿಸಿದ ರೂಪ ಎರಡೂ ಸಿಕ್ಕರೆ ದೊಡ್ಡದನ್ನು ಉಳಿಸಿ. ಆದರೆ ಒಂದೇ ಗುಂಪು ಫೋಟೊವನ್ನು ನಾಲ್ಕು ಸಲ ಕ್ಲಿಕ್ ಮಾಡಿರುತ್ತಾರೆ, ಒಂದರಲ್ಲಿ ಮಾತ್ರ ಅಜ್ಜ ಕಣ್ಣು ಬಿಟ್ಟಿರುತ್ತಾರೆ. ಅದನ್ನು ಗುರುತಿಸುವುದು ನಮ್ಮ ಕೆಲಸ. ‘ಎಲ್ಲವನ್ನೂ ಆರಿಸು’ ಬಟನ್ ಇಲ್ಲಿ ಒತ್ತಲೇಬೇಡಿ.

ಹಂತ 4: ತಾರೀಖು

ಫೋಟೊ ಸಾಫ್ಟ್‌ವೇರಿನ ಮೇಲಿನ ಸಿಟ್ಟಿನಲ್ಲಿ ಅರ್ಧಕ್ಕಿಂತ ಜಾಸ್ತಿ ತಾರೀಖಿನದು. ಹಾಗಾಗಿ ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ಒಂದು ಫೋಟೊ ಫೈಲಿಗೆ ಒಂದೇ ತಾರೀಖು ಇರುವುದಿಲ್ಲ. ಕ್ಯಾಮೆರಾ ಕ್ಲಿಕ್ ಆದಾಗ ಫೈಲಿನ ಒಳಗೆ ಬರೆಯುವ ಎಕ್ಸಿಫ್ ತಾರೀಖು ಒಂದು. ಕಂಪ್ಯೂಟರ್ ಇಟ್ಟುಕೊಳ್ಳುವ ‘ಕ್ರಿಯೇಟೆಡ್’ ತಾರೀಖು ಇನ್ನೊಂದು, ವಿಂಡೋಸ್‌ನಲ್ಲಿ ಅದು ನಕಲು ಮಾಡಿದ ದಿನಕ್ಕೆ ಬದಲಾಗುತ್ತದೆ. ‘ಮಾಡಿಫೈಡ್’ ಮೂರನೆಯದು. ಎಕ್ಸಿಫ್ ಸಿಗದಿದ್ದಾಗ ಸಾಫ್ಟ್‌ವೇರ್ ಉಳಿದ ಎರಡರಲ್ಲಿ ಯಾವುದನ್ನೋ ಹಿಡಿದುಕೊಳ್ಳುತ್ತದೆ. 1985ರ ಮದುವೆ ಹೋದ ವಾರಕ್ಕೆ ಬರುವುದು ಹೀಗೆ.

ವಾಟ್ಸ್ಆ್ಯಪ್ ಮೂಲಕ ಫೋಟೊವಾಗಿ ಬಂದ ಚಿತ್ರದಲ್ಲಿ ಎಕ್ಸಿಫ್ ಉಳಿದಿರುವುದಿಲ್ಲ. ಆದರೆ ಆಂಡ್ರಾಯ್ಡ್ ಫೋನಿನಲ್ಲಿ ಫೈಲಿನ ಹೆಸರು ಕಾಪಾಡುತ್ತದೆ. ‘ಐಎಂಜಿ-20220904-ಡಬ್ಲ್ಯೂಎ0012’ ಅಂತಿದ್ದರೆ ನಡುವಿನ ಎಂಟು ಅಂಕಿ 2022ರ ಸೆಪ್ಟೆಂಬರ್ 4. ಅದು ನಿಮ್ಮ ಫೋನಿಗೆ ಬಂದ ದಿನ, ತೆಗೆದ ದಿನ ಆಗಿರಲೇಬೇಕೆಂದಿಲ್ಲ. ವಾಣಿವಿಲಾಸ ಸಾಗರ 2025ರ ಜನವರಿಯಲ್ಲಿ ಮತ್ತೆ ಕೋಡಿ ಬಿದ್ದಾಗ 2022ರ ಚಿತ್ರಗಳನ್ನೇ ಹೊಸದೆಂಬಂತೆ ಕಳಿಸುವುದು ಸುಲಭ. ನೀರು ನೋಡಿ ವರ್ಷ ಹೇಳಲಾಗದು. ಜೊತೆಗಿರುವ ಮಗುವಿನ ಎತ್ತರ ನೋಡಿ ಹೇಳಬಹುದು.

ಇನ್ನು ಮುಂದೆ ನೆಂಟರಿಂದ ಫೋಟೊ ತರಿಸಿಕೊಳ್ಳುವಾಗ ‘ಡಾಕ್ಯುಮೆಂಟ್ ಮಾಡಿ ಕಳಿಸಿ’ ಅನ್ನಿ. ಹಾಗೆ ಕಳಿಸಿದರೆ ಫೈಲ್ ಕುಗ್ಗುವುದಿಲ್ಲ, ತಾರೀಖೂ ಉಳಿಯುತ್ತದೆ.

ತಾರೀಖು ತಿದ್ದಲು ಡಿಜಿಕ್ಯಾಮ್ ಎಂಬ ಉಚಿತ ಸಾಫ್ಟ್‌ವೇರ್ ಒಳ್ಳೆಯದು. ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ನಡೆಯುತ್ತದೆ. ಅದರ ‘ಟೈಮ್ ಅಡ್ಜಸ್ಟ್’ ಸಾಧನದಲ್ಲಿ ಮೂರು ಬಗೆಯ ಕೆಲಸ ಆಗುತ್ತದೆ.

ವಾಟ್ಸ್ಆ್ಯಪ್ ಚಿತ್ರಗಳನ್ನು ಒಟ್ಟಿಗೆ ಆರಿಸಿ, ತಾರೀಖನ್ನು ಫೈಲಿನ ಹೆಸರಿನಿಂದ ತೆಗೆದುಕೊಳ್ಳುವಂತೆ ಹೇಳಿ. ಸಾವಿರ ಫೋಟೊ ಒಂದೇ ಸಲಕ್ಕೆ ಸರಿಯಾಗುತ್ತವೆ.

ಹಳೇ ಡಿಜಿಟಲ್ ಕ್ಯಾಮೆರಾಗಳಲ್ಲಿ ಬ್ಯಾಟರಿ ಸತ್ತಾಗ ಗಡಿಯಾರ ಮೊದಲಿನ ವರ್ಷಕ್ಕೆ ಹೋಗುತ್ತಿತ್ತು. ಅಂಥ ಕಾರ್ಡಿನಲ್ಲಿ ತಾರೀಖು ಖಚಿತವಾಗಿ ಗೊತ್ತಿರುವ ಒಂದು ಫೋಟೊ ಹುಡುಕಿ. ಮದುವೆಯದಾದರೆ ಲಗ್ನಪತ್ರಿಕೆಯಲ್ಲಿ ದಿನ ಮಾತ್ರ ಏನು, ಮುಹೂರ್ತದ ಗಂಟೆಯೂ ಸಿಗುತ್ತದೆ. ತಪ್ಪು ಸಮಯಕ್ಕೂ ಸರಿ ಸಮಯಕ್ಕೂ ಇರುವ ವ್ಯತ್ಯಾಸವನ್ನು ಆ ಕಾರ್ಡಿನ ಎಲ್ಲ ಫೋಟೊಗಳಿಗೂ ಕೂಡಿಸಿ. ಎಲ್ಲಕ್ಕೂ ಒಂದೇ ತಾರೀಖು ಹೊಡೆಯಬೇಡಿ. ಹಾಗೆ ಮಾಡಿದರೆ ತಾಳಿ ಕಟ್ಟುವುದು ಊಟದ ನಂತರ ಬರುತ್ತದೆ.

ಸ್ಕ್ಯಾನ್ ಮಾಡಿದ ಹಳೇ ಫೋಟೊಗಳಿಗೆ ತಾರೀಖು ಕೈಯಿಂದ ಹಾಕಬೇಕು. ವರ್ಷ ಮಾತ್ರ ಗೊತ್ತಿದ್ದರೆ ಜನವರಿ 1 ಅಂತ ಹಾಕಿ ‘ಅಂದಾಜು’ ಎಂಬ ಟ್ಯಾಗ್ (ಹುಡುಕಲು ಫೋಟೊಗೆ ಅಂಟಿಸುವ ಪದ) ಸೇರಿಸಿ. ಸಮಯ ಮಧ್ಯಾಹ್ನ 12 ಗಂಟೆ ಇಡಿ. ನಡುರಾತ್ರಿ 12 ಇಟ್ಟರೆ, ನಮ್ಮ ಸಮಯವನ್ನು ಗ್ರೀನಿಚ್ ಸಮಯಕ್ಕೆ ತಿರುಗಿಸುವ ಸಾಫ್ಟ್‌ವೇರ್ ಐದೂವರೆ ಗಂಟೆ ಹಿಂದೆ ಹೋಗಿ 1984ರ ಫೋಟೊವನ್ನು 1983ಕ್ಕೆ ತಳ್ಳುತ್ತದೆ. ಮಧ್ಯಾಹ್ನ ಇಟ್ಟರೆ ಯಾವ ಕಡೆ ಸರಿದರೂ ದಿನ ಅದೇ ಇರುತ್ತದೆ.

ಹಂತ 5: ಫೋಲ್ಡರ್ ಹೆಸರು

ಹೊರಗೆ ವರ್ಷ, ಒಳಗೆ ಸಮಾರಂಭ. ಅಷ್ಟು ಸಾಕು. ‘2022’ ಒಳಗೆ ‘2022-09 ವಾಣಿವಿಲಾಸ ಸಾಗರ ಕೋಡಿ’. ಮೊದಲು ವರ್ಷ, ಆಮೇಲೆ ಎರಡಂಕಿಯ ತಿಂಗಳು ಬರೆದರೆ ಯಾವ ಕಂಪ್ಯೂಟರಿನಲ್ಲೂ ತಾನಾಗಿ ಸಾಲಾಗಿ ನಿಲ್ಲುತ್ತವೆ. ದುಗ್ಗಮ್ಮನ ಜಾತ್ರೆ ದಾವಣಗೆರೆಯಲ್ಲಿ ಎರಡು ವರ್ಷಕ್ಕೊಮ್ಮೆ ಬರುತ್ತದೆ. ವರ್ಷ ಇಲ್ಲದೆ ‘ಜಾತ್ರೆ’ ಅಂತ ಮಾತ್ರ ಬರೆದರೆ ನಾಲ್ಕು ಜಾತ್ರೆ ಒಂದಾಗುತ್ತವೆ. ಸಮಾರಂಭವಿಲ್ಲದ ಬಿಡಿ ಫೋಟೊಗಳಿಗೆ ತಿಂಗಳಿಗೊಂದು ‘ಬಿಡಿ’ ಫೋಲ್ಡರ್ ಇರಲಿ. ಎಲ್ಲಕ್ಕೂ ಹೆಸರು ಹುಡುಕುತ್ತಾ ಕೂರಬೇಡಿ.

ಊರಿನ ಹೆಸರು ಬರೆಯಿರಿ, ಜಿಲ್ಲೆಯ ಹೆಸರು ಬಿಡಿ. ದಾವಣಗೆರೆ, ಚಿತ್ರದುರ್ಗದ ನಮ್ಮ ಭಾಗದವರಿಗೆ ಇದು ಬೇಗ ಅರ್ಥವಾಗುತ್ತದೆ. ದಾವಣಗೆರೆ 1997ರವರೆಗೆ ಚಿತ್ರದುರ್ಗ ಜಿಲ್ಲೆಯಲ್ಲಿತ್ತು. ಹೊನ್ನಾಳಿ, ಚನ್ನಗಿರಿ ಶಿವಮೊಗ್ಗದಿಂದ ಬಂದವು. ಹರಪನಹಳ್ಳಿಯಂತೂ ಬಳ್ಳಾರಿಯಿಂದ ದಾವಣಗೆರೆಗೆ ಬಂತು, ಮತ್ತೆ ಬಳ್ಳಾರಿಗೆ ಹೋಯಿತು, ಈಗ ವಿಜಯನಗರ ಜಿಲ್ಲೆಯಲ್ಲಿದೆ. ಜಿಲ್ಲೆ, ತಾಲ್ಲೂಕು ಅಂತ ಮೆಟ್ಟಿಲು ಮೆಟ್ಟಿಲಾಗಿ ಫೋಲ್ಡರ್ ಮಾಡಿದವರು ಹರಪನಹಳ್ಳಿಯ ಫೋಟೊಗಳನ್ನು ಎಷ್ಟು ಸಲ ಎತ್ತಿ ಇಡಬೇಕು?

ಕನ್ನಡದಲ್ಲಿ ಹೆಸರು ಇಡಬಹುದಾ ಅಂತ ಕೇಳುತ್ತಾರೆ. ಇಡಬಹುದು, ಯೂನಿಕೋಡ್ ಕನ್ನಡ (ಫೋನಿನಲ್ಲಿ ಟೈಪ್ ಮಾಡುವಂಥದ್ದು) ಆಗಿರಬೇಕು ಅಷ್ಟೇ. ‘ನುಡಿ’, ‘ಬರಹ’ ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ಗಳ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಫೋಲ್ಡರ್ ಹೆಸರಿಗೆ ಅಂಟಿಸಿದರೆ ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತವೆ, ಏಕೆಂದರೆ ಅಲ್ಲಿ ಫಾಂಟ್ ಬದಲಿಸಲು ಬರುವುದಿಲ್ಲ. ಹೆಸರು ತೀರಾ ಉದ್ದ ಬೇಡ. ವಿಂಡೋಸ್‌ನಲ್ಲಿ ಡ್ರೈವ್, ಫೋಲ್ಡರ್, ಫೈಲ್ ಎಲ್ಲ ಸೇರಿ 260 ಚಿಹ್ನೆ ದಾಟಿದರೆ ಹಲವು ಸಾಫ್ಟ್‌ವೇರ್‌ಗಳು ಆ ಫೈಲನ್ನು ನಕಲು ಮಾಡದೆ ಬಿಟ್ಟುಬಿಡುತ್ತವೆ, ಕೆಲವು ಹೇಳುವುದೂ ಇಲ್ಲ.

ಹಂತ 6: ಸಾಫ್ಟ್‌ವೇರನ್ನು ಪರೀಕ್ಷೆ ಮಾಡಿ, ಆಮೇಲೆ ಒಪ್ಪಿಕೊಳ್ಳಿ

ಇಷ್ಟಾದ ಮೇಲೆ ಸಾಫ್ಟ್‌ವೇರಿನ ಸರದಿ. ‘ಯಾವುದು ಒಳ್ಳೆಯದು’ ಅಂತ ಕೇಳುವುದಕ್ಕಿಂತ ಈ ಸಣ್ಣ ಪರೀಕ್ಷೆ ಮಾಡಿ. ಒಂದು ಸಂಜೆಯ ಕೆಲಸ.

ಹತ್ತು ಫೋಟೊಗಳನ್ನು ಬೇರೆ ಫೋಲ್ಡರಿಗೆ ನಕಲು ಮಾಡಿ. ಹೊಸ ಸಾಫ್ಟ್‌ವೇರಿನಲ್ಲಿ ತೆರೆದು ಕೆಲವಕ್ಕೆ ಟ್ಯಾಗ್, ಕೆಲವಕ್ಕೆ ಕನ್ನಡದಲ್ಲಿ ವಿವರಣೆ, ಕೆಲವಕ್ಕೆ ಮುಖದ ಹೆಸರು ಹಾಕಿ. ಒಂದರ ತಾರೀಖು ಬದಲಿಸಿ. ಸಾಫ್ಟ್‌ವೇರ್ ಮುಚ್ಚಿ. ಈಗ ಆ ಫೋಲ್ಡರನ್ನು ಪೆನ್ ಡ್ರೈವಿನಲ್ಲಿ ಇನ್ನೊಂದು ವಿಂಡೋಸ್ ಕಂಪ್ಯೂಟರಿಗೆ ಒಯ್ಯಿರಿ. ಅಲ್ಲಿ ಯಾವ ಸಾಫ್ಟ್‌ವೇರೂ ಬೇಡ. ಫೋಟೊದ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್, ಅದರಲ್ಲಿ ಡೀಟೇಲ್ಸ್ ನೋಡಿ. ಹಾಕಿದ ಟ್ಯಾಗ್, ಬದಲಿಸಿದ ತಾರೀಖು ಅಲ್ಲಿ ಕಂಡರೆ ಸಾಫ್ಟ್‌ವೇರ್ ಪ್ರಾಮಾಣಿಕ. ಕಾಣದಿದ್ದರೆ ಅದು ಎಲ್ಲವನ್ನೂ ತನ್ನ ಹತ್ತಿರವೇ ಇಟ್ಟುಕೊಂಡಿದೆ. ಕೆಲವದರಲ್ಲಿ ‘ಫೈಲಿಗೆ ಬರೆ’ ಎಂಬ ಸೆಟ್ಟಿಂಗ್ ಇರುತ್ತದೆ, ಆದರೆ ಮೊದಲಿಗೆ ಆಫ್ ಆಗಿರುತ್ತದೆ. ಆನ್ ಮಾಡಿ ಇನ್ನೊಮ್ಮೆ ನೋಡಿ. ಆಗಲೂ ಕಾಣದಿದ್ದರೆ ಎಷ್ಟೇ ಚೆಂದ ಇದ್ದರೂ ನನ್ನ ಪ್ರಕಾರ ಅದು ಬೇಡ.

ಡಿಜಿಕ್ಯಾಮ್ ಈ ಪರೀಕ್ಷೆಯಲ್ಲಿ ಗೆಲ್ಲುತ್ತದೆ, ಸೆಟ್ಟಿಂಗ್ ಸರಿ ಮಾಡಿಕೊಂಡರೆ. ‘ಕಾನ್ಫಿಗರ್ ಡಿಜಿಕ್ಯಾಮ್’ ಒಳಗೆ ‘ಮೆಟಾಡೇಟಾ’ ತೆರೆಯಿರಿ. ಟ್ಯಾಗ್, ವಿವರಣೆ, ತಾರೀಖು, ಮುಖ ಎಲ್ಲವನ್ನೂ ಫೈಲಿಗೆ ಬರೆಯುವಂತೆ ಗುರುತು ಹಾಕಿ. ದೊಡ್ಡ ಕ್ಯಾಮೆರಾದ ರಾ ಫೈಲ್ (ಕ್ಯಾಮೆರಾ ತಿದ್ದದೆ ಕೊಡುವ ಕಚ್ಚಾ ಫೈಲ್) ಇದ್ದರೆ ಅದರೊಳಗೆ ಬರೆಸಬೇಡಿ. ಪಕ್ಕದಲ್ಲಿ ಎಕ್ಸ್‌ಎಂಪಿ ಎಂಬ ಸಣ್ಣ ಜೊತೆ ಫೈಲ್ ಮಾಡುವ ಆಯ್ಕೆ ಇದೆ, ಅದನ್ನು ಬಳಸಿ. ಆಮೇಲೆ ಫೋಟೊವನ್ನು ಎಲ್ಲಿಗೆ ಒಯ್ದರೂ ಆ ಜೊತೆ ಫೈಲೂ ಹೋಗಬೇಕು.

ಡಿಜಿಕ್ಯಾಮ್ ನೋಡಲು ಅಷ್ಟೇನೂ ಸುಂದರವಾಗಿಲ್ಲ. ಬಟನ್‌ಗಳು ಕಣ್ಣಿಗೆ ಕತ್ತಲೆ ಬರುವಷ್ಟಿವೆ. ಮೊದಲ ಸಲ ದೊಡ್ಡ ರಾಶಿ ತೋರಿಸಿದಾಗ ಗಂಟೆಗಟ್ಟಲೆ ಓದುತ್ತದೆ. ಅದರ ಡೇಟಾಬೇಸನ್ನು ಹೊರಗಿನ ಡಿಸ್ಕಿನಲ್ಲಿ ಇಡದೆ ಲ್ಯಾಪ್‌ಟಾಪಿನ ಒಳಗಿನ ವೇಗದ ಡಿಸ್ಕಾದ ಎಸ್‌ಎಸ್‌ಡಿಯಲ್ಲಿ ಇಟ್ಟರೆ ವೇಗದಲ್ಲಿ ಎದ್ದು ಕಾಣುವಷ್ಟು ವ್ಯತ್ಯಾಸ ಬರುತ್ತದೆ. ಫೋಟೊ ಮಾತ್ರ ಹೊರಗೆ ಇರಲಿ. ಡೆಸ್ಕ್‌ಟಾಪ್ ಆದರೆ ಯುಪಿಎಸ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ. ಬೇಸಿಗೆಯಲ್ಲಿ ನಮ್ಮ ಕಡೆ ಕರೆಂಟ್ ಯಾವಾಗ ಹೋಗುತ್ತದೆ ಅಂತ ಹೇಳಲು ಬರುವುದಿಲ್ಲ, ಬರೆಯುತ್ತಿರುವಾಗ ಹೋದರೆ ಡೇಟಾಬೇಸ್ ಕೆಡಬಹುದು.

ಕನ್ನಡದಲ್ಲಿ ಟ್ಯಾಗ್ ಹಾಕುವವರಿಗೆ ಒಂದು ವಿಷಯ. ಫೈಲಿನೊಳಗೆ ಟ್ಯಾಗ್ ಬರೆಯುವ ಐಪಿಟಿಸಿ ಎಂಬ ಹಳೇ ಪದ್ಧತಿಯಲ್ಲಿ ಒಂದು ಟ್ಯಾಗಿಗೆ 64 ಬೈಟ್ ಜಾಗ. ಇಂಗ್ಲಿಷಿನ ಅಕ್ಷರಕ್ಕೆ 1 ಬೈಟ್ ಸಾಕು, ಕನ್ನಡದ ಪ್ರತಿ ಚಿಹ್ನೆಗೂ 3 ಬೇಕು. ಒತ್ತು, ಗುಣಿತ ಎಲ್ಲ ಬೇರೆ ಬೇರೆ ಚಿಹ್ನೆ. ‘ಚಿತ್ರದುರ್ಗ’ ನಮ್ಮ ಕಣ್ಣಿಗೆ 4 ಅಕ್ಷರ, ಕಂಪ್ಯೂಟರಿಗೆ 10 ಚಿಹ್ನೆ, 30 ಬೈಟ್. ‘ಚಿತ್ರದುರ್ಗದ ಕೋಟೆ ಪ್ರವಾಸ’ ಅಂತ ಬರೆದರೆ ಜಾಗ ಮೀರಿ ಬಾಲ ಕತ್ತರಿಸಿ ಹೋಗಬಹುದು. ಎಕ್ಸ್‌ಎಂಪಿ ಎಂಬ ಹೊಸ ಪದ್ಧತಿಯಲ್ಲಿ ಈ ಮಿತಿ ಇಲ್ಲ. ಆದರೂ ಟ್ಯಾಗ್ ಚಿಕ್ಕದಿರಲಿ: ‘ಕೋಟೆ’, ‘ಜಾತ್ರೆ’, ‘ಸೀಮಂತ’. ಉದ್ದ ಹೇಳುವುದನ್ನು ವಿವರಣೆಯಲ್ಲಿ ಬರೆಯಿರಿ. ಮನೆಗೆ ನೆಂಟರು ಬಂದಾಗಲೆಲ್ಲ ದುರ್ಗಕ್ಕೆ ಕರೆದುಕೊಂಡು ಹೋಗಿ ಓಬವ್ವನ ಕಿಂಡಿಯ ಹತ್ತಿರ ನಿಲ್ಲಿಸಿ ಫೋಟೊ ತೆಗೆದಿರುತ್ತೇವಲ್ಲ, ‘ಕೋಟೆ’ ಎಂಬ ಒಂದು ಟ್ಯಾಗ್ ಒತ್ತಿದರೆ ಆ ಎಲ್ಲ ವರ್ಷಗಳೂ ಒಟ್ಟಿಗೆ ಬರುತ್ತವೆ.

ಹಂತ 7: ಮುಖಗಳು ಮತ್ತು ಹೆಸರುಗಳು

ಮುಖ ಗುರುತಿಸುವ ಕೆಲಸವನ್ನು ಇಡೀ ರಾಶಿಯ ಮೇಲೆ ಬಿಡಬೇಡಿ. ಜಾತ್ರೆಯ ಒಂದು ಫೋಟೊದಲ್ಲಿ ಐವತ್ತು ಮುಖ ಇರುತ್ತವೆ, ಪ್ರತಿಯೊಂದಕ್ಕೂ ಸಾಫ್ಟ್‌ವೇರ್ ‘ಇವರು ಯಾರು’ ಅಂತ ಕೇಳುತ್ತದೆ. ಡಿಜಿಕ್ಯಾಮ್‌ನಲ್ಲಿ ಯಾವ ಆಲ್ಬಮ್ ನೋಡಬೇಕು ಅಂತ ಆರಿಸಬಹುದು. ಮನೆಯ ಸಮಾರಂಭಗಳನ್ನು ಮಾತ್ರ ಕೊಡಿ. ಮೊದಲು ಹತ್ತು ಹದಿನೈದು ಹತ್ತಿರದವರಿಗೆ, ಒಬ್ಬೊಬ್ಬರದೂ ಬೇರೆ ಬೇರೆ ವಯಸ್ಸಿನ ಫೋಟೊಗಳಿಗೆ ಹೆಸರು ಹಾಕಿ. ಬಾಸಿಂಗ ಕಟ್ಟಿದ ಮದುಮಗ, ಪೇಟ ಸುತ್ತಿದ ಮಾವ, ಹಾಲುಗಲ್ಲದ ಮಕ್ಕಳು, ಇವರ ವಿಷಯದಲ್ಲಿ ಅದು ತಪ್ಪುತ್ತಲೇ ಇರುತ್ತದೆ. ಹಾಗಾಗಿ ಅದು ಹೇಳಿದ್ದನ್ನು ಒಪ್ಪುವ ಮೊದಲು ನೋಡಿ.

ಹೆಸರು ಹೇಗೆ ಬರೆಯಬೇಕು ಅನ್ನುವುದು ಸಾಫ್ಟ್‌ವೇರಿಗಿಂತ ದೊಡ್ಡ ಪ್ರಶ್ನೆ. ‘ದೊಡ್ಡಪ್ಪ’, ‘ಅಜ್ಜಿ’, ‘ಚಿಕ್ಕಿ’ ಅಂತ ಹಾಕಬೇಡಿ. ನನ್ನ ಅಜ್ಜಿ ನನ್ನ ಮಗಳಿಗೆ ಮುತ್ತಜ್ಜಿ, ನನ್ನ ಹೆಂಡತಿಯ ಮನೆಯಲ್ಲಿ ಇನ್ನೊಬ್ಬರು ಅಜ್ಜಿ ಇದ್ದಾರೆ. ಹೆಸರನ್ನೇ ಬರೆಯಿರಿ. ಒಂದೇ ಹೆಸರಿನವರು ಇದ್ದೇ ಇರುತ್ತಾರೆ, ಈ ಭಾಗದ ಮನೆಗಳಲ್ಲಿ ಬಸವರಾಜ ಒಬ್ಬರೇ ಇದ್ದ ಉದಾಹರಣೆ ನನಗಂತೂ ಗೊತ್ತಿಲ್ಲ. ಊರು ಸೇರಿಸಿ: ‘ಬಸವರಾಜ ಜಗಳೂರು’, ‘ಬಸವರಾಜ ಹರಿಹರ’. ಮದುವೆಯಾಗಿ ಊರು ಬದಲಾದ ಹೆಣ್ಣುಮಕ್ಕಳಿಗೆ ಯಾವುದಾದರೂ ಒಂದು ಊರನ್ನು ಕೊನೆಯವರೆಗೂ ಇಟ್ಟುಕೊಳ್ಳಿ. ತವರೂರು ಇಟ್ಟರೆ ಅವರಿಗೂ ಖುಷಿ.

ಹಿರಿಯರನ್ನು ಕೂರಿಸಿಕೊಂಡು ಕೇಳಬೇಕಾದದ್ದು ಈಗಲೇ. ಟಿವಿಗೆ ಲ್ಯಾಪ್‌ಟಾಪ್ ಹಚ್ಚಿ ಫೋಟೊ ದೊಡ್ಡದಾಗಿ ತೋರಿಸಿ, ಫೋನಿನಲ್ಲಿ ಮಾತು ರೆಕಾರ್ಡ್ ಮಾಡಿಕೊಳ್ಳಿ. ‘ಇದು ನಿಮ್ಮ ದೊಡ್ಡಪ್ಪನ ಮದ್ವಿ ಕಣಪ್ಪಾ, ಹಿಂದೆ ನಿಂತೋನು ಅಡಿಗಿ ಭಟ್ಟ’ ಅಂತ ಒಂದೇ ಮಾತಿನಲ್ಲಿ ತಾರೀಖೂ ಸಿಗುತ್ತದೆ, ಹೆಸರೂ ಸಿಗುತ್ತದೆ. ಯಾವ ಸಾಫ್ಟ್‌ವೇರಿನಿಂದಲೂ ಅದು ಸಿಗುವುದಿಲ್ಲ. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ವಿವರಣೆಗೆ ಹಾಕಿ.

ಹಂತ 8: ಕಾಗದದ ಫೋಟೊಗಳು

ಸ್ಕ್ಯಾನರ್ ಇದ್ದರೆ 600 ಡಿಪಿಐ (ಇಂಚಿಗೆ 600 ಚುಕ್ಕೆ) ಇಡಿ. 4 ಇಂಚು, 6 ಇಂಚಿನ ಫೋಟೊ ಆಗ ಸುಮಾರು 8.6 ಮೆಗಾಪಿಕ್ಸೆಲ್ ಆಗುತ್ತದೆ, ಮತ್ತೆ ದೊಡ್ಡದಾಗಿ ಪ್ರಿಂಟ್ ಹಾಕಿಸಲೂ ಸಾಕು. ಹಿಂಭಾಗದಲ್ಲಿ ಏನಾದರೂ ಬರೆದಿದ್ದರೆ ಅದನ್ನೂ ಸ್ಕ್ಯಾನ್ ಮಾಡಿ. ಸ್ಟುಡಿಯೊದ ಸೀಲು, ಪೆನ್ಸಿಲಿನಲ್ಲಿ ಬರೆದ ತಾರೀಖು ಅಲ್ಲೇ ಇರುತ್ತವೆ. ಅಂಟಿನ ಆಲ್ಬಮ್ಮಿಗೆ ಗಟ್ಟಿಯಾಗಿ ಅಂಟಿಕೊಂಡ ಫೋಟೊ ಕೀಳಬೇಡಿ. ನೆರಳಿನಲ್ಲಿ, ಫ್ಲ್ಯಾಶ್ ಇಲ್ಲದೆ, ನೇರವಾಗಿ ಮೇಲಿನಿಂದ ಫೋನಿನಲ್ಲೇ ತೆಗೆಯಿರಿ. ನೆಗೆಟಿವ್ ಉಳಿದಿದ್ದರೆ ಮೊದಲು ಅದನ್ನು ಹುಡುಕಿ, ಪ್ರಿಂಟಿಗಿಂತ ಜಾಸ್ತಿ ವಿವರ ಅದರಲ್ಲಿದೆ.

ಹಂತ 9: ಕ್ಲೌಡ್ ನೋಡಲಿಕ್ಕೆ, ಇಡಲಿಕ್ಕಲ್ಲ

ಗೂಗಲ್ ಫೋಟೋಸ್‌ನಂಥ ಕ್ಲೌಡ್ ಸೇವೆಗಳು, ಅಂದರೆ ಫೋಟೊವನ್ನು ಇಂಟರ್ನೆಟ್ಟಿನಲ್ಲಿ ಇಡುವಂಥವು, ಹುಡುಕಲು, ಹಂಚಲು ಬಹಳ ಚೆನ್ನಾಗಿವೆ. ಬಳಸಿ. ಆದರೆ ನಿಮ್ಮ ಮೂಲ ಪ್ರತಿ ಅಲ್ಲಿ ಮಾತ್ರ ಇರಬಾರದು. ‘ಸ್ಟೋರೇಜ್ ಸೇವರ್’ ಆರಿಸಿದ್ದರೆ 16 ಮೆಗಾಪಿಕ್ಸೆಲ್‌ಗಿಂತ ದೊಡ್ಡ ಫೋಟೊ ಕುಗ್ಗುತ್ತದೆ. ಫೋನಿನಲ್ಲಿ ಬ್ಯಾಕಪ್ ಆದ ಫೋಟೊವನ್ನು ಆ ಆ್ಯಪಿನಲ್ಲಿ ಅಳಿಸಿದರೆ ಫೋನಿನಿಂದಲೂ ಹೋಗುತ್ತದೆ, ಕ್ಲೌಡಿನಿಂದಲೂ ಹೋಗುತ್ತದೆ. ಕಸದ ಬುಟ್ಟಿಯಲ್ಲಿ 60 ದಿನ ಇರುತ್ತದೆ, ಆಮೇಲೆ ಇಲ್ಲ. ‘ಜಾಗ ಖಾಲಿ ಮಾಡು’ ಎಂಬ ಬಟನ್ ಫೋನಿನಿಂದ ಮಾತ್ರ ತೆಗೆಯುತ್ತದೆ, ‘ಅಳಿಸು’ ಎರಡೂ ಕಡೆಯಿಂದ. ಮನೆಯ ಎಲ್ಲರಿಗೂ ಇದನ್ನು ಒಮ್ಮೆ ತೋರಿಸಿಕೊಡಿ.

ತೀರಿಕೊಂಡವರ ಜಿಮೇಲ್ ಖಾತೆಯಲ್ಲಿ ಫೋಟೊ ಇದ್ದರೆ ತಡ ಮಾಡಬೇಡಿ. ಎರಡು ವರ್ಷ ಯಾರೂ ತೆರೆಯದ ಖಾತೆಯನ್ನು ಅಳಿಸಬಹುದು ಎಂಬ ನಿಯಮವನ್ನು ಗೂಗಲ್ 2023ರ ಡಿಸೆಂಬರಿನಿಂದ ಜಾರಿಗೆ ತಂದಿದೆ.

ಎಲ್ಲವನ್ನೂ ಕೆಳಗಿಳಿಸಲು ‘ಗೂಗಲ್ ಟೇಕ್‌ಔಟ್’ ಇದೆ. ಕೇಳಿದರೆ ಜಿಪ್ ಫೈಲುಗಳಾಗಿ ಕೊಡುತ್ತದೆ. ಗಾತ್ರವನ್ನು 10 ಜಿಬಿ ಅಥವಾ 50 ಜಿಬಿ ಆರಿಸಿ, ಇಲ್ಲದಿದ್ದರೆ 2 ಜಿಬಿಯ ತುಂಡುಗಳು ಲೆಕ್ಕ ಸಿಗದಷ್ಟು ಬರುತ್ತವೆ. ಬಿಚ್ಚಿದ ಮೇಲೆ ಪ್ರತಿ ಫೋಟೊದ ಪಕ್ಕದಲ್ಲಿ ಒಂದು ಜೇಸನ್ ಫೈಲ್ ಇರುತ್ತದೆ. ನೀವು ಅಲ್ಲಿ ತಿದ್ದಿದ ತಾರೀಖು, ಬರೆದ ವಿವರಣೆ ಅದರೊಳಗೆ ಇರುತ್ತದೆ, ಫೋಟೊದೊಳಗೆ ಇರುವುದಿಲ್ಲ. ಕಸ ಅಂದುಕೊಂಡು ಅಳಿಸಬೇಡಿ. ಎಕ್ಸಿಫ್‌ಟೂಲ್ ಎಂಬ ಉಚಿತ ಸಾಧನ ಅದನ್ನು ಓದಿ ಫೋಟೊದೊಳಗೆ ಬರೆಯಬಲ್ಲದು. ಕಮಾಂಡ್ ಟೈಪ್ ಮಾಡುವ ಸಾಧನ ಅದು, ಗೊತ್ತಿರುವ ಹುಡುಗರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ನಕಲಿನ ಮೇಲೆಯೇ ಮಾಡಿಸಿ.

ಹಂತ 10: ಮೂರು ಪ್ರತಿ, ಎರಡು ಊರು

ಮೂರು ಪ್ರತಿ ಇರಲಿ: ಕೆಲಸದ ಡಿಸ್ಕ್, ಬೀರುವಿನ ಡಿಸ್ಕ್, ಮನೆಯಿಂದ ಹೊರಗೆ ಒಂದು. ಹೊರಗಿನದು ಕ್ಲೌಡ್ ಆಗಬಹುದು, ಇಲ್ಲವೇ ನೆಂಟರ ಮನೆಯಲ್ಲಿ ಇಟ್ಟ ಡಿಸ್ಕ್ ಆಗಬಹುದು. ದಾವಣಗೆರೆಗೂ ಚಿತ್ರದುರ್ಗಕ್ಕೂ ಸುಮಾರು 60 ಕಿ.ಮೀ. ಹಬ್ಬಕ್ಕೆ ಹೋಗುವಾಗ ಹೊಸ ನಕಲು ಒಯ್ದು ಹಳೆಯದನ್ನು ತರಬಹುದು.

ನಕಲು ಮಾಡಲು ಫ್ರೀಫೈಲ್‌ಸಿಂಕ್ ಒಳ್ಳೆಯ ಸಾಧನ. ಅದರಲ್ಲಿ ‘ಮಿರರ್’ ಮತ್ತು ‘ಅಪ್‌ಡೇಟ್’ ಎಂಬ ಎರಡು ಆಯ್ಕೆ ಮುಖ್ಯ. ಮಿರರ್ ಅಂದರೆ ಕೆಲಸದ ಡಿಸ್ಕಿನಲ್ಲಿ ಕೈತಪ್ಪಿ ಅಳಿಸಿದ್ದು ನಕಲಿನಲ್ಲೂ ಅಳಿಯುತ್ತದೆ. ಅಪ್‌ಡೇಟ್ ಹೊಸದನ್ನು, ಬದಲಾದದ್ದನ್ನು ಮಾತ್ರ ನಕಲಿಗೆ ಒಯ್ಯುತ್ತದೆ, ಅಳಿಸುವುದಿಲ್ಲ. ಮಿರರ್ ಬೇಕೇ ಬೇಕು ಅಂದರೆ, ಅಳಿಸಿದ್ದನ್ನು ಬೇರೆ ಫೋಲ್ಡರಿನಲ್ಲಿ ಇಡುವ ‘ವರ್ಷನಿಂಗ್’ ಆನ್ ಮಾಡಿ.

ಬೀರುವಿನಲ್ಲಿಟ್ಟ ಡಿಸ್ಕನ್ನು ಮರೆತುಬಿಡಬಾರದು. ಯುಗಾದಿಗೆ ಒಮ್ಮೆ, ಆಯುಧ ಪೂಜೆಗೆ ಒಮ್ಮೆ ಹೊರಗೆ ತೆಗೆದು ಚುಚ್ಚಿ, ಅಲ್ಲಲ್ಲಿ ಕೆಲವು ಫೋಲ್ಡರ್ ತೆರೆದು ಫೋಟೊ, ವಿಡಿಯೊ ಓಡುತ್ತವೆಯಾ ನೋಡಿ. ಎರಡಕ್ಕೂ ನಡುವೆ ಹೆಚ್ಚುಕಡಿಮೆ ಆರು ತಿಂಗಳು ಬರುತ್ತದೆ, ಬೇರೆ ಜ್ಞಾಪನೆ ಬೇಡ. ಕುಂಕುಮ ಡಿಸ್ಕಿನ ಮೇಲೆ ಹಚ್ಚಿ, ಪೋರ್ಟಿನ ಹತ್ತಿರ ಬೇಡ.

ಕೊನೆಗೆ ಪ್ರತಿ ಡಿಸ್ಕಿನಲ್ಲೂ ಎಲ್ಲ ಫೋಲ್ಡರ್‌ಗಳ ಹೊರಗೆ, ಮೊದಲು ಕಾಣುವಂತೆ ‘00 ಮೊದಲು ಓದಿ’ ಎಂಬ ಒಂದು ನೋಟ್‌ಪ್ಯಾಡ್ ಫೈಲ್ ಇಡಿ. ಫೋಲ್ಡರ್ ಹೆಸರು ಇಟ್ಟ ಕ್ರಮ, ‘ಅಂದಾಜು’ ಟ್ಯಾಗಿನ ಅರ್ಥ, ಉಳಿದ ಎರಡು ಪ್ರತಿ ಎಲ್ಲಿವೆ, ಹಿರಿಯರ ಮಾತಿನ ರೆಕಾರ್ಡಿಂಗ್ ಯಾವ ಫೋಲ್ಡರಿನಲ್ಲಿದೆ, ಇಷ್ಟು ಬರೆದರೆ ಸಾಕು. ಪಾಸ್‌ವರ್ಡ್ ಅದರಲ್ಲಿ ಬರೆಯಬೇಡಿ. ಸೇವ್ ಮಾಡುವಾಗ ಎನ್‌ಕೋಡಿಂಗ್ ಜಾಗದಲ್ಲಿ ‘ಯುಟಿಎಫ್-8’ ಇದೆಯಾ ನೋಡಿ, ‘ಆನ್ಸಿ’ ಇದ್ದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗುತ್ತದೆ.